ಪುಟಕ್ಕೆ ಮೂವತ್ತು

ಶಿವಮೊಗ್ಗದ ಡಿಸಿ ಕಚೇರಿ ಎದುರು
ಜೆರಾಕ್ಸ್ ಅಂಗಡಿಯ ಕಟ್ಟೆ ಮೇಲೆ ನನ್ನ ಮೇಜು.
ಒಂದು ಕಂಪ್ಯೂಟರ್, ಕೆಮ್ಮುವ ಪ್ರಿಂಟರ್,
ಒತ್ತಿದರೆ 'ಯ' ಎರಡು ಸಲ ಬೀಳುವ ಕೀಲಿಮಣೆ.
ಹತ್ತೊಂಬತ್ತು ವರ್ಷದಿಂದ ಊರಿನ ಪರವಾಗಿ
ಬೇಡಿಕೊಂಡವಳು ನಾನೇ:
ವಿಧವಾ ವೇತನ, ಬಗರ್ ಹುಕುಂ, ಬೀದಿದೀಪ,
ಕಾಡುಕೋಣ ಮೇಯ್ದ ಗದ್ದೆಗೆ ಪರಿಹಾರ.
ಸವಿನಯ, ಕಳಕಳಿ, ದಯಮಾಡಿ,
ಇವನ್ನೆಲ್ಲ ಬೆರಳೇ ಹೊಡೆದುಕೊಳ್ಳುತ್ತದೆ,
ಅಷ್ಟರಲ್ಲಿ ನನ್ನದೊಂದು ಟೀ ಮುಗಿದಿರುತ್ತದೆ.

ಬುಧವಾರ ನಾಲ್ಕು ಜನ ಬಂದರು.
ತೀರ್ಥಹಳ್ಳಿ ಕಡೆಯ ಚೂಡಾಮಣಿ, ಕಂಕುಳಲ್ಲಿ ಸಹಿಗಳ ಕಟ್ಟು.
ಭದ್ರಾವತಿಯ ಇಗ್ನೇಷಿಯಸ್, ಹೆಲ್ಮೆಟ್ ತೆಗೆಯದೆ.
ಇನ್ನಿಬ್ಬರು ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ.
'ವಿಷಯ' ಎಂದು ಹೊಡೆದು ಕಾದೆ.
ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು
ಮದುವೆಯಾಗುವ ಹಕ್ಕಿನ ಬಗ್ಗೆ, ಅಂದಳು,
ಚರಂಡಿ ರಿಪೇರಿ ಬಗ್ಗೆ ಅಂದಷ್ಟೇ ಸಲೀಸಾಗಿ.
ಜೆರಾಕ್ಸ್ ಯಂತ್ರ ಗಕ್ಕನೆ ನಿಂತಿತು.
ನಿಂತಿದ್ದು ಕಾಗದ ಸಿಕ್ಕಿಕೊಂಡು. ಆದರೂ.

ಕೋರ್ಟು ಸಂಸತ್ತಿನ ಕಡೆ ಕೈ ತೋರಿಸಿತಂತೆ,
ಪಕ್ಷದ ಕಚೇರಿಗಳು ಬಾಗಿಲ ಕಡೆ.
ಅದಕ್ಕೇ, ಜಿಲ್ಲಾಧಿಕಾರಿಗಳ ಮೂಲಕ ರಾಷ್ಟ್ರಪತಿಗಳಿಗೆ.
ಈ ದಾರಿ ನನಗೆ ಗೊತ್ತು,
ಇದರ ಗುಂಡಿಗಳೂ ಗೊತ್ತು.

'ಬೇಡಿಕೊಳ್ಳುತ್ತೇವೆ' ಹೊಡೆದೆ.
'ಒತ್ತಾಯಿಸುತ್ತೇವೆ' ಮಾಡಿ, ಅಂದಳು.
ಸಾಹೇಬರಿಗೆ ಸಿಟ್ಟು ಬರುತ್ತಮ್ಮ.
ಬರಲಿ ಬಿಡಿ, ನನಗೆ ದಿನಾ ಬರುತ್ತೆ.
ಅಳಿಸಿದೆ.

ಕಾರಣ ಏನು ಹಾಕಲಿ?
ಸಂವಿಧಾನದ ವಿಧಿಗಳನ್ನು ಮಗ್ಗಿಯ ಹಾಗೆ ಒಪ್ಪಿಸಿದಳು,
ಹದಿನಾಲ್ಕು, ಹದಿನೈದು, ಇಪ್ಪತ್ತೊಂದು.
ಆಗ ಹೆಲ್ಮೆಟ್ಟಿನ ಒಳಗಿಂದ ಇಗ್ನೇಷಿಯಸ್:
ಮೆಗ್ಗಾನ್ ಆಸ್ಪತ್ರೆಯಲ್ಲಿ ಗಂಗಾಧರನ ಆಪರೇಷನ್ನು.
ಫಾರಮ್ಮಲ್ಲಿ 'ರೋಗಿಗೂ ನಿಮಗೂ ಸಂಬಂಧ' ಅಂತ ಒಂದು ಗೆರೆ.
ಹನ್ನೊಂದು ವರ್ಷ ಒಂದೇ ಒಲೆಯ ಅನ್ನ ಉಂಡವನು
'ಪಕ್ಕದ ಮನೆಯವರು' ಅಂತ ಬರೆದೆ.
ಪಕ್ಕದ ಮನೆಯವರ ಸಹಿ ನಡೆಯಲ್ಲ ಅಂದರು.
ರಾಣೆಬೆನ್ನೂರಿಂದ ಅವನ ಅಣ್ಣ ಬರುವ ತನಕ
ಬೆಂಚಿನ ಮೇಲೆ ಕೂತಿದ್ದೆ, ಅಷ್ಟೆ.

ಇದನ್ನೇ ಹಾಕೋಣ, ಅಂದೆ.
ಓದಿದರೆ ಇದೊಂದನ್ನು ಓದುತ್ತಾರೆ.
ಬೇಡ, ಅಂದ. ಅವನ ಊರು ಸಣ್ಣದು.

ಸರದಿಯಲ್ಲಿ ಹಿಂದೆ ಹೂವಪ್ಪನವರು,
ಶರಾವತಿ ಮುಳುಗಡೆಯವರು,
ಅಪ್ಪನ ಕಾಲದ ಫೈಲನ್ನು ಗೊಬ್ಬರದ ಚೀಲದಲ್ಲಿಟ್ಟುಕೊಂಡು
ತಿಂಗಳಿಗೊಮ್ಮೆ ಬಸ್ಸಿಳಿಯುವವರು.
ಕನ್ನಡಕ ಏರಿಸಿ ಮೂರೂ ಪುಟ ಓದಿದರು.
'ನಂಗಿದು ಅರ್ಥ ಆಗ್ಲಿಲ್ಲ ಮಗಾ.
ಸಹಿ ಕೇಳ್ಬ್ಯಾಡ, ಹಾಕಾದಿಲ್ಲ.
ಆದ್ರೆ ನಕಲಿನ ಮೇಲೆ ಮೊಹರು ಹಾಕಿಸ್ಕಳದೆ
ಹೊರಗೆ ಬರಬ್ಯಾಡ್ರಿ.
ನಮ್ಮಪ್ಪ ಬಂದುಬಿಟ್ಟಿದ್ದ.
ಅರವತ್ತು ವರ್ಷಾತು.'

ಮೊಹರು ಸಿಕ್ಕಿತು, ಓರೆಯಾಗಿ, ಅರ್ಧ ಮಸಿಯಲ್ಲಿ.
ಚೂಡಾಮಣಿ ಅದನ್ನು ಊದಿ ಊದಿ ಒಣಗಿಸಿದಳು.

ಶುಕ್ರವಾರ ಬೇರೊಂದು ವೇದಿಕೆಯವರು,
ಹನ್ನೆರಡು ಜನ, ಹನ್ನೆರಡು ಶಾಲು, ಒಬ್ಬ ಫೋಟೋದವನು.
ಅದೇ ವಿಷಯ, 'ವಿರೋಧಿಸಿ' ಅಂತ ಒಂದು ಪದ ಹೆಚ್ಚಿಗೆ.
'ಒತ್ತಾಯಿಸುತ್ತೇವೆ' ಅಂದರು, ನಾನು ಕೇಳುವ ಮೊದಲೇ.
ಅವರಿಗೂ ಪುಟಕ್ಕೆ ಮೂವತ್ತು.
ತಪ್ಪಿಲ್ಲದೆ ಹೊಡೆದುಕೊಟ್ಟೆ,
ಒಂದು ದೀರ್ಘವನ್ನೂ ಬಿಡಲಿಲ್ಲ. ಬಿಡಬಹುದಿತ್ತು.
ಅಂದು ರಾತ್ರಿ ಊಟ ಸೇರಲಿಲ್ಲ ಎಂದೇನೂ ಇಲ್ಲ,
ಸೇರಿತು.
ಈಗ ಚುಚ್ಚುವುದು ಅದೇ.

ಕಂಪ್ಯೂಟರಿನಲ್ಲಿ ಜಾಗ ಕಡಿಮೆ,
ತಿಂಗಳ ಕೊನೆಗೆ ಎಲ್ಲರ ಗೋಳೂ ಅಳಿಸುತ್ತೇನೆ.
ಹೂವಪ್ಪನವರದು ಮಾತ್ರ ಅಳಿಸುವುದಿಲ್ಲ,
ಅದರಲ್ಲಿ ಬದಲಾಗುವುದು ಬರೀ ತಾರೀಖು.
ಈಗ ಅದರ ಕೆಳಗೆ ಇವರ ಮೂರು ಪುಟ,
ಮೂರನೆಯದರಲ್ಲಿ, ಯಾರೂ ಹೇಳಿಸದ ಒಂದು ಸಾಲು,
ಊರಿಲ್ಲ, ಹೆಸರಿಲ್ಲ, ಒಂದು ಬೆಂಚು ಮಾತ್ರ.
ದಿನಾಂಕದ ಮುಂದೆ
ಚುಕ್ಕಿ ಚುಕ್ಕಿ.